ಬಿಚ್ಚಪ್ಪನ ವ್ಯಾಕ್ಯೂಮ್ ಕ್ಲೀನರ್

ಎಲ್ಲದಕ್ಕೂ ಕಾರಣ ಒಂದು ತಿರುಪು. ಕಿವಿಯೋಲೆಯ ತಿರುಪು ಸಡಿಲವಾಗಿದೆ, ಅಕ್ಕಸಾಲಿಗೆ ಕೊಟ್ಟು ಬನ್ನಿ ಅಂತ ಹೆಂಡತಿ ಮೊನ್ನೆ ಸಂಜೆ ಒಂದು ಓಲೆಯನ್ನು ಗಂಡನ ಕೈಗಿಟ್ಟಿದ್ದಳು. ಇಷ್ಟಕ್ಕೆಲ್ಲ ಅಕ್ಕಸಾಲಿ ಯಾಕೆ ಅಂದುಕೊಂಡ ಅವನು ಮಲಗುವ ಕೋಣೆಯಲ್ಲೇ ಇಕ್ಕಳ ಹಿಡಿದು ಕೂತ. ಓಲೆ ಮಿಡತೆಯ ಹಾಗೆ ಚಿಮ್ಮಿ, ನೆಲದ ಮೇಲೆ ಕುಪ್ಪಳಿಸಿ, ಕಬ್ಬಿಣದ ಬೀರುವಿನ ಕಡೆ ಹೋಗಿ ಮಾಯವಾಯಿತು.

ಕಟ್ಟಡದ ನೆರೆಹೊರೆಯವರು ಅವನಿಗೆ ಸುಮ್ಮನೆ ಬಿಚ್ಚಪ್ಪ ಅಂತ ಹೆಸರಿಟ್ಟಿರಲಿಲ್ಲ. ಗಡಿಯಾರ, ಫ್ಯಾನು, ನಲ್ಲಿ, ಕಂಡದ್ದನ್ನೆಲ್ಲ ಬಿಚ್ಚುತ್ತಿದ್ದ. ಮತ್ತೆ ಜೋಡಿಸಿದ ಮೇಲೂ ಅಂಗೈಯಲ್ಲಿ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು. ಓಲೆಯ ವಿಷಯ ಬಾಯಿಬಿಟ್ಟರೆ ಈ ಜನ್ಮದಲ್ಲಿ ಇನ್ನು ಸ್ಕ್ರೂಡ್ರೈವರ್ ಮುಟ್ಟುವ ಹಾಗಿಲ್ಲ. ಬೀರು ಎಳೆಯೋಣವೆಂದರೆ ಆನೆ ಮಲಗಿದ ಹಾಗಿದೆ. ಅದರ ಕೆಳಗಿನ ಸಂದಿಗೆ ಕೈ ಹೋಗದು. ಇವತ್ತು ಸಂಜೆಯೇ ನಾದಿನಿಯ ಮನೆಯಲ್ಲಿ ಊಟ, ಹೆಂಡತಿಗೆ ಓಲೆ ಬೇಕೇ ಬೇಕು.

ಆಗ ನೆನಪಾದದ್ದು ಅಟ್ಟದ ಮೇಲಿದ್ದ ವ್ಯಾಕ್ಯೂಮ್ ಕ್ಲೀನರ್. ತೀರಿಹೋದ ಮಾವನವರು ಕೊಂಡದ್ದು. ತಗಡಿನ ಪೀಪಾಯಿಯಂಥ ಮೈ, ಬಟ್ಟೆ ಸುತ್ತಿದ ಸೊಂಡಿಲು. ಇವತ್ತು ರಜೆ, ಬೆಳಿಗ್ಗೆಯೇ ಅದನ್ನು ಇಳಿಸಿ ಪಡಸಾಲೆಯಲ್ಲಿ ಹರಡಿಕೊಂಡ.

“ರಿಪೇರಿ ಮಾಡಿ ದಿನಾ ಬಳಸೋಣ ಅಂತ. ಇನ್ಮೇಲೆ ಮನೆ ಗುಡಿಸೋ ಕೆಲಸ ನಂದು,” ಅಂದ.

ಮನೆಯಲ್ಲೇ ಇದ್ದ ಅತ್ತೆ ಓದುತ್ತಿದ್ದ ಪೇಪರು ಮಡಚಿಟ್ಟರು. “ತಿಂದ ತಟ್ಟೆ ಎತ್ತದೋರು ಮನೆ ಗುಡಿಸ್ತಾರಂತೆ. ಏನೋ ಇದೆ ಕಣೇ,” ಅಂತ ಮಗಳಿಗೆ ಹೇಳಿದರು, ಅಳಿಯನಿಗೂ ಕೇಳುವ ಹಾಗೆ.

ಹೆಂಡತಿ ಅವನ ಪಕ್ಕ ಬಗ್ಗಿ, ಕೂದಲನ್ನು ಕಿವಿಯ ಹಿಂದೆ ಸರಿಸಿ, ಅಕ್ಕಸಾಲಿ ಓಲೆ ಯಾವಾಗ ಕೊಡುತ್ತಾನಂತೆ ಅಂತ ಮೆಲ್ಲಗೆ ಕೇಳಿದಳು. ಸ್ಕ್ರೂಗಳಿಂದ ತಲೆ ಎತ್ತದೆಯೇ, ಪಾಲಿಶ್ ಬೇರೆ ಹಾಕ್ತಿದಾನೆ, ಸಂಜೆಗೆ ಕೊಡ್ತಾನೆ ಅಂದ.

ಮೋಟಾರು ತಿರುಗಲಿಲ್ಲ. ಮೋಟಾರು ಮೇಸ್ತ್ರಿಗೆ ಫೋನು ಮಾಡಿದರೆ, ಬ್ರಷ್ ಸವೆದಿರುತ್ತೆ, ಬದಲಾಯಿಸಿ ಅಂದ. ಬಿಚ್ಚಪ್ಪ ಪೇಟೆಯೆಲ್ಲ ಸುತ್ತಿ, ನೆಲ ಉಜ್ಜುವ ಮಾರುದ್ದದ ಬ್ರಷ್ ತಂದು ಪೈಪಿನ ತುದಿಗೆ ಕಟ್ಟಿದ. ಆಗಲೂ ತಿರುಗಲಿಲ್ಲ. ಮೇಸ್ತ್ರಿ ಮೋಸಗಾರ ಅಂದುಕೊಂಡು ಮತ್ತೆ ಫೋನು ಮಾಡಿ ದಬಾಯಿಸಿದ. ಮೇಸ್ತ್ರಿ ನಕ್ಕು ಮುಗಿಸಿದ ಮೇಲೆ ತಿಳಿಯಿತು: ಬ್ರಷ್ ಅಂದರೆ ಮೋಟಾರಿನ ಒಳಗೆ ಕರೆಂಟು ಮುಟ್ಟಿಸುವ ಇದ್ದಿಲಿನ ಪುಟ್ಟ ತುಂಡು. ನೆಲದ ಬ್ರಷ್ ಬಿಚ್ಚಿಟ್ಟು, ಕೆಟ್ಟುಹೋದ ಮಿಕ್ಸಿಯಿಂದ ಎರಡು ತುಂಡು ಕಿತ್ತು, ಉಪ್ಪುಕಾಗದದಲ್ಲಿ ಉಜ್ಜಿ ಕೂರಿಸಿದ. ವೈರು ಬದಲಾಯಿಸಿದ. ಸೀಳಿದ್ದ ಪೈಪಿಗೆ ಸೈಕಲ್ ಟ್ಯೂಬು ಸುತ್ತಿದ.

ಅಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ಜೈಲರು ಇಳಿದು ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದರು. “ಗಂಡಸು ಇದ್ದಕ್ಕಿದ್ದ ಹಾಗೆ ಕ್ಲೀನಿಂಗಿಗೆ ನಿಂತ ಅಂದ್ರೆ, ಅಲ್ಲಿ ಏನೋ ಅಳಿಸೋದಿದೆ ಅಂತಲೇ ಅರ್ಥ. ನನ್ನ ಸರ್ವಿಸಲ್ಲಿ ಎಷ್ಟು ಜನರನ್ನ ನೋಡಿಲ್ಲ.”

ಹೆಂಡತಿ ಕಾಫಿ ತಂದಳು. ಮತ್ತೆ ಕೂದಲು ಸರಿಸಿದಳು, ಮತ್ತೆ ಅಕ್ಕಸಾಲಿಯ ಮಾತು ತೆಗೆದಳು. ಅಂಗಡಿಯಲ್ಲಿ ಜನವೋ ಜನ, ನಾನೇ ಕ್ಯೂ ನಿಂತು ಕೊಟ್ಟು ಬಂದೆ ಅಂದ ಬಿಚ್ಚಪ್ಪ, ಮೋಟಾರಿಗೆ ಮುಖ ಕೊಟ್ಟು. ಜೈಲರು ಅವಳನ್ನೊಮ್ಮೆ ಇವನನ್ನೊಮ್ಮೆ ನೋಡಿ ಕೆಮ್ಮಿದರು. ಈ ಮುದುಕನಿಗೆ ವಾಸನೆ ಬಡಿದಿದೆ ಅಂದುಕೊಂಡು ಬಿಚ್ಚಪ್ಪ ಇನ್ನಷ್ಟು ಬಗ್ಗಿ ಸ್ಕ್ರೂ ಬಿಗಿದ.

ಸ್ವಿಚ್ ಹಾಕಿದ. ಯಂತ್ರ ಕರು ಹಾಕುವ ಎಮ್ಮೆಯ ಹಾಗೆ ನರಳಿ, ಆಮೇಲೆ ಹೂಂಕರಿಸಿತು. ಆದರೆ ಆ ಕಾಲದ ಯಂತ್ರಕ್ಕೆ ಎರಡು ತೂತು, ಒಂದು ಎಳೆಯುವುದಕ್ಕೆ, ಇನ್ನೊಂದು ಊದುವುದಕ್ಕೆ. ಪೈಪು ಕೂತದ್ದು ಊದುವ ತೂತಿಗೆ. ಮಾವನವರ ಕಾಲದ ಧೂಳೆಲ್ಲ ಒಂದೇ ಉಸಿರಿಗೆ ಹೊರಬಂತು. ಜೈಲರು ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ ಕೂತಿದ್ದರು.

ಅತ್ತೆ ಸೀನಿ, ಕಣ್ಣೊರೆಸಿಕೊಂಡು, “ನಿಮ್ಮ ಮಾವನವರೂ ಮೊದಲ ದಿನ ಹೀಗೇ ಮಾಡಿದ್ರು,” ಅಂದರು.

ಪೈಪನ್ನು ಎಳೆಯುವ ತೂತಿಗೆ ಸಿಕ್ಕಿಸಿಕೊಂಡು ಬಿಚ್ಚಪ್ಪ ನೇರ ಮಲಗುವ ಕೋಣೆಗೆ ನುಗ್ಗಿದ. ಮನೆಯಷ್ಟೂ ಧೂಳಾಗಿರುವಾಗ ಬೀರುವಿನ ಕೆಳಗೇ ಯಾಕೆ ಅಂತ ಜೈಲರು ಹಿಂದೆಯೇ ಬಂದರು. ಬಿಚ್ಚಪ್ಪ ಪೈಪಿನ ಚಪ್ಪಟೆ ಮೂತಿಯನ್ನು ಸಂದಿಗೆ ತೂರಿಸಿದ. ಸ್ವಲ್ಪ ಹೊತ್ತಿಗೆ ಪೈಪಿನೊಳಗೆ ಟಣ್ ಅಂತ ಏನೋ ಓಡಿತು. ಬಿಚ್ಚಪ್ಪನಿಗೆ ಹೋದ ಜೀವ ಬಂತು. ಯಂತ್ರ ಆರಿಸಿ, ಒಳಗಿನ ಧೂಳಿನ ಚೀಲ ಬಿಡಿಸಿ ಎದೆಗವಚಿಕೊಂಡು ಬಚ್ಚಲಿಗೆ ಹೊರಟ.

“ಚೀಲ ಇಲ್ಲೇ ಬಿಚ್ಚಪ್ಪಾ,” ಅಂದರು ಜೈಲರು. ಹೆಸರು ಕರೆದರೋ ಅಪ್ಪಣೆ ಕೊಟ್ಟರೋ ತಿಳಿಯಲಿಲ್ಲ.

ಪೇಪರು ಹಾಸಿ ಚೀಲ ಕೊಡವಿದ. ಕೂದಲುಂಡೆ, ಬಳಪದ ಚೂರು, ಒಂದು ಪ್ಯಾಂಟಿನ ಗುಂಡಿ. ಟಣ್ ಅಂದದ್ದು ಆ ಗುಂಡಿಯೇ. ಎರಡೆರಡು ಸಲ ಧೂಳು ಕೆದಕಿದ. ಓಲೆ ಇಲ್ಲ.

ಅವನು ನೆಲದ ಮೇಲೇ ಕೂತುಬಿಟ್ಟ. ಹೇಳದೆ ವಿಧಿಯಿರಲಿಲ್ಲ. “ಲೇ, ನಿನ್ನ ಓಲೆ…” ಅನ್ನುತ್ತ ಬೆಳಿಗ್ಗೆಯಿಂದ ಮೊದಲ ಸಲ ಹೆಂಡತಿಯ ಮುಖ ನೋಡಿದ.

ಹೆಂಡತಿ ಕೂದಲು ಸರಿಸಿದಳು. ಎರಡು ಕಿವಿಯಲ್ಲೂ ಓಲೆ ಹೊಳೆಯುತ್ತಿದ್ದವು.

“ಬಾಗಿಲ ಹಿಂದೆ ಬಿದ್ದಿತ್ತು. ನಿನ್ನೆ ಗುಡಿಸುವಾಗ ಪೊರಕೆಗೇ ಸಿಕ್ತು. ನಾನೇ ಅಕ್ಕಸಾಲಿ ಹತ್ರ ಹೋಗಿ ಸರಿಮಾಡಿಸ್ಕೊಂಡು ಬಂದೆ. ಪಾಪ, ಅಂಗಡೀಲಿ ಒಬ್ಬ ಗಿರಾಕಿನೂ ಇರ್ಲಿಲ್ಲ.”

ಜೈಲರು ಹುಬ್ಬಿನ ಧೂಳು ಒರೆಸಿಕೊಂಡು, ಕಾಫಿ ತಂದಾಗಲೇ ಎರಡೂ ಓಲೆ ಕಂಡಿದ್ದೆ ಅಂದರು.

“ಮತ್ತೆ ಪೊರಕೆ ಎಲ್ಲಿ?” ಅಂತ ಬಿಚ್ಚಪ್ಪ ಧೂಳು ತುಂಬಿದ ಪಡಸಾಲೆಯನ್ನು ನೋಡುತ್ತ ಮೆಲ್ಲಗೆ ಕೇಳಿದ.

“ಮೇಲಿನ ಮನೆಗೆ ಕೊಟ್ಟುಬಿಟ್ಟೆ,” ಅಂದರು ಅತ್ತೆ. “ದಿನಾ ಮಿಷನ್ನಲ್ಲಿ ನೀವೇ ಗುಡಿಸ್ತೀನಿ ಅಂದ್ರಲ್ಲ.”