ಮಾವನ ಪ್ಲೇಟು, ಅಳಿಯನ ಸೀಡಿ

ಪೂರ್ತಿ ಓದದೆ ಸಹಿ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈ ಅಂಕಣದಲ್ಲೇ ಅಂಥವರನ್ನು ಏಳು ಸಲ ಸುಟ್ಟಿದ್ದೇನೆ. (ಯಾರೂ ಬೂದಿಯಾಗಿಲ್ಲ. ಇಬ್ಬರಿಗೆ ಬಡ್ತಿ ಸಿಕ್ಕಿದೆ.) ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟು, ನಂದೂರಿನ ದಾಲ್ ಮಿಲ್ಲಿನಲ್ಲಿ ತೊಗರಿ ಚೀಲ ತೂಗುತ್ತ, ರದ್ದಿ ಪೇಪರು ಓದಿ ಬರೆಯಲು ಕಲಿತವನು ನಾನು. ಕಂಪ್ಯೂಟರನ್ನೂ ಹಾಗೆಯೇ ಕಲಿತೆ, ಯಾರನ್ನೂ ಕೇಳದೆ. ಆ ಕೇಳದೆ ಕಲಿತ ವಿದ್ಯೆಯ ಫಲವನ್ನು ಇಂದು ನಿಮ್ಮ ಮುಂದೆ ಒಪ್ಪಿಸಬೇಕಾಗಿದೆ.

ಕಮಲಾಪುರದ ನನ್ನ ಮಾವ ತೀರಿ ವರ್ಷ ತುಂಬುತ್ತ ಬಂದಿತ್ತು. ಅವರದೊಂದು ಗ್ರಾಮಫೋನ್ ಪ್ಲೇಟು, ಯಾವುದೋ ಭಜನಾ ಮೇಳದವರು ಹಾಡಿದ ತತ್ವಪದಗಳದ್ದು. ಪ್ರತಿ ಸೋಮವಾರ ಸ್ನಾನ ಮಾಡಿ, ವಿಭೂತಿ ಧರಿಸಿ, ಅದನ್ನು ಹಚ್ಚಿ ಕೂರುತ್ತಿದ್ದರು. ಈಗ ಯಂತ್ರದ ಸೂಜಿ ಸವೆದು, ಹಾಡು ಬಾಯಿ ಮುಚ್ಚಿತ್ತು. ಅತ್ತೆ ಲಲಿತಾಬಾಯಿಯವರು ಪ್ಲೇಟನ್ನೂ ಯಂತ್ರವನ್ನೂ ಕೌದಿಯಲ್ಲಿ ಸುತ್ತಿ ಕಲಬುರಗಿಯ ನಮ್ಮ ಮನೆಗೆ ಕಳಿಸಿ ಫೋನು ಮಾಡಿದರು.

“ಶಿವಲಿಂಗಪ್ಪ, ವರ್ಷದ ಪೂಜಿಗಿ ಅವರ ಹಾಡು ಕೇಳಬೇಕಪ್ಪ. ಮಲ್ಲಣ್ಣನ ಕಡೆ ಸೀಡಿ ಮಿಷನ್ ಅದ. ನೀ ಕಂಪ್ಯೂಟರದಾಗ ಏನರೆ ಮಾಡು.”

ಮಲ್ಲಣ್ಣ ಎಂದರೆ ನನ್ನ ಮೈದುನ. ಅತ್ತೆ ಇರುವುದು ಅವನ ಮನೆಯಲ್ಲಿ.

ಸೇಡಂ ರಸ್ತೆಯಲ್ಲಿ ರೇಡಿಯೊ ರಿಪೇರಿ ಮಾಡುವ ಫಕ್ರುದ್ದೀನ್ ಮೂರು ಡಬ್ಬಿ ತಡಕಾಡಿ ಒಂದು ಸೂಜಿ ಹುಡುಕಿಕೊಟ್ಟ. “ಇದು ಆಖರಿ ಸೂಜಿ ಸಾಬ್. ಒಮ್ಮೆ ಓಡ್ತದ, ದೂಸರಾ ಸಲದ ಗ್ಯಾರಂಟಿ ಇಲ್ಲ. ಸೀಡಿ ಆದ ಮ್ಯಾಲ ಪೂರಾ ಕೇಳ್ರಿ, ಆಮ್ಯಾಲ ಕೊಡ್ರಿ.”

“ನನಗ ಹೇಳ್ತೀರೇನ್ರಿ,” ಎಂದೆ. ಪಾಪ, ನನ್ನ ಏಳು ಅಂಕಣಗಳನ್ನು ಅವನು ಓದಿರಲಿಲ್ಲ.

ರವಿವಾರ ಮಧ್ಯಾಹ್ನ ಧ್ವನಿಮುದ್ರಣ ಮಹಾಯಾಗ ಆರಂಭವಾಯಿತು. ಪ್ಲೇಟಿನ ಯಂತ್ರದಿಂದ ಒಂದು ವೈರು ಎಳೆದು, ಕಂಪ್ಯೂಟರಿನ ಬೆನ್ನಿಗಿದ್ದ ಬಣ್ಣಬಣ್ಣದ ತೂತುಗಳಲ್ಲಿ ಚೆಂದ ಕಂಡ ಹಸಿರು ತೂತಿಗೆ ಸಿಕ್ಕಿಸಿದೆ. ಹೆಂಡತಿ ಸುನಂದಾ ಮಂಚದ ಅಂಚಿಗೆ ಕುಳಿತಿದ್ದಳು.

“ನಾ ಈಗ ಮಾತಾಡಬಹುದೋ ಇಲ್ಲೋ?”

“ಧಾರಾಳ ಮಾತಾಡು. ಹಾಡು ವೈರಿನೊಳಗಿಂದ ಹೋಗ್ತದ. ಈ ಖೋಲ್ಯಾಗ ಡೊಳ್ಳು ಬಡದ್ರೂ ಕಂಪ್ಯೂಟರಿಗಿ ಕೇಳಂಗಿಲ್ಲ.”

“ಖರೇನ?”

“ಇದು ವಿಜ್ಞಾನ. ನಿಮ್ಮ ತವರಮನಿ ಅಲ್ಲ, ಎಲ್ಲಾರ ಮಾತು ಎಲ್ಲಾರಿಗೂ ಕೇಳಾಕ.”

ಹಾಡು ಶುರುವಾಯಿತು. ಅಪ್ಪನ ಹಾಡು, ಸುನಂದಾ ಕಣ್ಣು ಮುಚ್ಚಿದಳು. ಎರಡು ನಿಮಿಷ ಮನೆಯಲ್ಲಿ ಉಸಿರಿನ ಸದ್ದೂ ಇಲ್ಲ. ಮೂರನೆಯ ನಿಮಿಷಕ್ಕೆ ಆ ಮೌನ ನನ್ನಿಂದ ತಾಳಲಾಗಲಿಲ್ಲ. ಅಂಕಣಕಾರನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅತ್ತೆಯವರ ಮೇಲೆ ಹನ್ನೆರಡು ವರ್ಷದಿಂದ ಕೂಡಿಟ್ಟ ತಕರಾರುಗಳನ್ನೆಲ್ಲ ಹೊರಗೆ ತೆಗೆದೆ. ನಡುವೆ ಸುನಂದಾ ಏನೋ ಅಂದಳು. ನಾನು ಮಾತಾಡುತ್ತಿದ್ದೆನಲ್ಲ, ಕೇಳಲಿಲ್ಲ. ಹಾಡು ಮುಗಿಯುವುದಕ್ಕೂ ಆಖರಿ ಸೂಜಿ ಟಕ್ಕೆಂದು ಮುರಿಯುವುದಕ್ಕೂ ಸರಿಹೋಯಿತು.

“ಪೂರಾ ಒಮ್ಮೆ ಕೇಳ್ರಿ,” ಎಂದಳು.

ಮೊದಲ ಒಂದು ನಿಮಿಷ ಕೇಳಿದೆ. ಅಮೃತ. “ಒಂದು ಮಿನಿಟು ಚಲೋ ಅದ ಅಂದ್ರ ಪೂರಾ ಚಲೋ ಅದ,” ಎಂದು, ಸೀಡಿಯ ಬೆನ್ನ ಮೇಲೆ ದಪ್ಪ ಪೆನ್ನಿನಿಂದ ‘ಪರಿಶೀಲಿಸಲಾಗಿದೆ’ ಎಂದು ಬರೆದು, ಕೆಳಗೆ ಸಹಿ ಹಾಕಿದೆ.

(ಹೌದು. ಸಹಿ ಹಾಕಿದೆ.)

ಕಮಲಾಪುರದಲ್ಲಿ ಪೂಜೆಗೆ ನಲವತ್ತು ಜನ ಸೇರಿದ್ದರು. ಮಾವನ ಫೋಟೊಕ್ಕೆ ಹಾರ, ಮುಂದೆ ಕೆಂಪು ಬಾಳೆಹಣ್ಣು. ಮಲ್ಲಣ್ಣನ ಮಗಳು ಪ್ರೀತಿ ಸೀಡಿ ಹಚ್ಚಿದಳು. ತಂಬೂರಿ ಮಿಡಿಯಿತು, ಹಾಡು ಎದ್ದಿತು, ಹಿರಿಯರು ತಲೆದೂಗಿದರು. ನಾನು ಎಲ್ಲರ ಮುಖ ನೋಡುತ್ತ ಮೆಚ್ಚುಗೆ ಸ್ವೀಕರಿಸುತ್ತಿದ್ದೆ. ಎರಡು ನಿಮಿಷವಾಯಿತು. ತತ್ವಪದದ ನಡುವಿನಿಂದ ನನ್ನದೇ ಧ್ವನಿ ಕಂಚಿನಂತೆ ಹೊರಟಿತು.

“ನಿಮ್ಮವ್ವ ಊರಿಗೆಲ್ಲ ಬಾಳಿಹಣ್ಣು ಹಂಚ್ತಾಳ. ಅಳಿಯಗ ಬರೂದು ಸಿಪ್ಪಿ ಕರ್ರಗಾದದ್ದು. ನಾ ಬರಿಯೂದು ಇಡೀ ಜಿಲ್ಲಾ ಓದ್ತದ, ಆಕಿ ಒಂದರ ಓದ್ಯಾಳೇನು?”

ಹಸಿರು ತೂತು ಶಬ್ದ ಹೊರಗೆ ಬರುವ ತೂತಂತೆ, ಒಳಗೆ ಹೋಗುವುದಲ್ಲ. ನಮ್ಮ ಕಂಪ್ಯೂಟರಿನ ಪರದೆಯ ನೆತ್ತಿಯ ಮೇಲೆ ಕೂತಿದ್ದ ಪುಟ್ಟ ಕ್ಯಾಮೆರಾಕ್ಕೆ ಒಂದು ಕಿವಿಯೂ ಇತ್ತಂತೆ, ಖೋಲಿಯ ಸದ್ದನ್ನೆಲ್ಲ ಹಿಡಿದದ್ದು ಅದೇ ಅಂತೆ. ಇದೆಲ್ಲ ನಂತರ ತಿಳಿದದ್ದು. ಆಗ ನಾನು ಮಿಷನ್ನಿನ ಮೇಲೆ ಎರಗಿದೆ.

“ಬಂದ್ ಮಾಡಬ್ಯಾಡ,” ಎಂದರು ಅತ್ತೆ. “ಕೂಡು.”

ಕೂತೆ. ಆಗ ನನ್ನ ಗರ್ಜನೆಯ ಅಡಿಯಿಂದ ಸುನಂದಾಳ ಸಣ್ಣ ಧ್ವನಿ ಕೇಳಿತು. ಆ ದಿನ ನಾನು ಕೇಳದೆ ಬಿಟ್ಟ ಮಾತು.

“ಹಂಗ ಅನಬ್ಯಾಡ್ರಿ. ಅವ್ವಗ ಓದಾಕ ಬರಂಗಿಲ್ಲ. ಪ್ರತಿ ರವಿವಾರ ಪ್ರೀತಿ ಕಡಿಂದ ನಿಮ್ಮ ಅಂಕಣ ಓದಸ್ಕೊಂಡು ಕೇಳ್ತಾಳ, ಎರಡೆರಡು ಸಲ. ಕತ್ತರಿಸಿ ಅಪ್ಪನ ಟ್ರಂಕಿನ್ಯಾಗ ಇಟ್ಟಾಳ. ನಿಮಗ ಹೇಳಬ್ಯಾಡ ಅಂದಾಳ, ಸೊಕ್ಕು ಬರ್ತದಂತ.”

ಅದಕ್ಕೆ ಸೀಡಿಯೊಳಗಿನ ನನ್ನ ಉತ್ತರ: “ಅದಿರ್ಲಿ, ಬಾಳಿಹಣ್ಣಿನ ಮಾತು ಮೊದಲ ಮುಗಸೂಣು.”

ನಲವತ್ತು ಜನ ಒಮ್ಮೆಲೇ ನಕ್ಕರು. ಹುದುಗಿಕೊಳ್ಳಲು ನನಗೆ ನೆಲ ಸಾಲಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಗುವೋ ಅಳುವೋ ನೋಡುವ ಧೈರ್ಯ ನನಗಿರಲಿಲ್ಲ.

“ತಪ್ಪಾತ್ರಿ,” ಎಂದೆ.

“ಏನ್ ತಪ್ಪು? ನಿಮ್ಮ ಮಾವನೂ ಹಿಂಗ. ಹಾಡು ಹಚ್ಚಿದ್ರು ಅಂದ್ರ ಚಹಾ ಯಾಕ ತಡ, ದೀಪ ಯಾಕ ಹಚ್ಚಿಲ್ಲ ಅಂತ ಶುರು. ನಲವತ್ತು ವರ್ಷದಾಗ ಈ ಹಾಡು ಒಂದಿನ ಸುಮ್ಮ ಕೇಳಗೊಟ್ಟಿಲ್ಲ. ಬರೇ ಹಾಡು ತಂದಿದ್ರ ಮನಿ ಖಾಲಿ ಅನಸ್ತಿತ್ತು. ಇನ್ನೊಮ್ಮೆ ಹಚ್ಚು, ಪ್ರೀತಿ.”

ಇನ್ನೊಮ್ಮೆ ಹಚ್ಚಿದಳು. ಊಟದ ಹೊತ್ತಿಗೆ ಹನ್ನೊಂದು ಬೀಗರು ಸೀಡಿಯ ಕಾಪಿ ಕೇಳಿದರು. ಹಾಡಷ್ಟೇ ಬಿಡಿಸಿ ಕೊಡುತ್ತೇನೆಂದರೆ ಒಬ್ಬರೂ ಒಪ್ಪಲಿಲ್ಲ. ಹೊರಡುವಾಗ ಅತ್ತೆ ಒಂದು ಇಡೀ ಗೊನೆಯನ್ನು ನನ್ನ ಹೆಗಲಿಗೇರಿಸಿ, “ಗಟ್ಟಿ ಅದ. ಹಣ್ಣಾಗೂತನ ಬಾಯಿ ಮುಚ್ಕೊಂಡು ಇರು,” ಎಂದರು.

ಹನ್ನೊಂದು ಕಾಪಿ ಮಾಡಿದೆ. ಹನ್ನೊಂದನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿಯೇ ಸಹಿ ಹಾಕಿದೆ. ನನ್ನ ಧ್ವನಿ ಇಷ್ಟು ದೊಡ್ಡದು, ಸುನಂದಾಳದು ಇಷ್ಟು ಸಣ್ಣದು ಎಂದು ಹನ್ನೊಂದು ಸಲ ತಿಳಿಯಿತು.

ಪ್ರೀತಿ, ಇನ್ನು ಮುಂದಿನದನ್ನು ನಿಮ್ಮಜ್ಜಿಗೆ ಸಾವಕಾಶ ಓದವ್ವ: ಅತ್ತೆಯವರೆ, ಹಣ್ಣು ಆಗ್ಯಾವ. ಸಿಪ್ಪಿ ಕರ್ರಗಾಗಿಲ್ಲ. ಈ ಅಂಕಣವನ್ನೂ ಕತ್ತರಿಸಿ ಟ್ರಂಕಿನ್ಯಾಗ ಇಡ್ರಿ. ಸೊಕ್ಕು ಬರಂಗಿಲ್ಲ.