ಹನುಮಂತಯ್ಯನವರ ಗಾಬರಿ ಕಾಣೆಯಾದ ಬಗ್ಗೆ

ಇಂದ:
ವೆಂಕಟಲಕ್ಷ್ಮಮ್ಮ ಕೋಂ ಹನುಮಂತಯ್ಯ,
ರೇಷ್ಮೆ ಬೆಳೆಗಾರರು, ಕೈಲಾಂಚ ಹೋಬಳಿ, ರಾಮನಗರ ತಾಲ್ಲೂಕು.

ಗೆ:
ದೊಡ್ಡ ಡಾಕ್ಟರವರು,
ತಲೆಗೆ ಸಣ್ಣ ಕರೆಂಟು ಕೊಟ್ಟು ಗಾಬರಿ ಇಳಿಸುವ ಸಂಶೋಧನಾ ಘಟಕ, ರಾಮನಗರ.

ವಿಷಯ: ಗಂಡನ ಗಾಬರಿ ಹೋಗಿ ಹೆಂಡತಿಗೆ ಬಂದಿರುವ ಕುರಿತು.

ಉಲ್ಲೇಖ: ತಾವು ಗಂಡನ ತಲೆಗೆ ಹಾಕಿದ ತಂತಿ ಟೋಪಿ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಒಂದೇ ಕಷ್ಟಕ್ಕೆ ಒಬ್ಬರು ಬೆವರಿ ಇನ್ನೊಬ್ಬರು ಬೆವರದಿರುವುದೇಕೆ ಎಂದು ತಿಳಿಯಲು ತಾವು ಗಂಡ ಹೆಂಡತಿ ಇಬ್ಬರನ್ನೂ ಕರೆಸಿದಿರಿ. ಮುಖದಲ್ಲಿ ನಗುವೇ ಇಲ್ಲದ ಮೂವರು ಸಾಹೇಬರ ಮುಂದೆ ನಿಂತು ಉಲ್ಟಾ ಎಣಿಸಬೇಕಿತ್ತು. ಹನುಮಂತಯ್ಯನವರು ಅಂಗಿ ಹಿಂಡುವಷ್ಟು ಬೆವರಿದರು. ಅರ್ಜಿದಾರಳೋ ಆ ಮುಖಗಳನ್ನು ನೋಡಿ, ಪಾಪ, ರೇಷ್ಮೆ ಹುಳುವಿಗೆ ರೋಗ ಬಂದು ಬೆಳೆ ಕಳೆದುಕೊಂಡವರಿರಬೇಕೆಂದು ಭಾವಿಸಿ, "ಓಗ್ಲಿ ಬುಡಿ ಸಾಮಿ, ಮುಂದ್ಲ ಬೆಳೆ ಕೈ ಇಡೀತದೆ" ಎಂದು ಸಮಾಧಾನ ಹೇಳಿದಳು. ಸಾಹೇಬರು ನಕ್ಕುಬಿಟ್ಟರು. ಆದಕಾರಣ "ಗಾಬರಿ ಇಲ್ಲ" ಎಂದು ಬರೆದು ಅರ್ಜಿದಾರಳನ್ನು ಕೈಬಿಡಲಾಯಿತು.

2. ಗಂಡನಿಗೆ ವಾರವಿಡೀ ಟೋಪಿ ಹಾಕಲಾಯಿತು. ಅಂದಿನಿಂದ ಮೋಡ ಕವಿದು ಹುಳು ಸೊಪ್ಪು ತಿನ್ನುವುದು ಬಿಟ್ಟರೂ ಅವರು "ಆಗೋದಾಯ್ತದೆ ಬುಡಮ್ಮಿ" ಎಂದು ಕಾಲು ಚಾಚುತ್ತಾರೆ. ಇಷ್ಟು ವರ್ಷ ಹೆದರುವ ಕೆಲಸ ಅವರದು, ಗಟ್ಟಿಯಾಗಿರುವ ಕೆಲಸ ಅರ್ಜಿದಾರಳದು. ಅವರು ಕೆಲಸ ಬಿಟ್ಟ ಕಾರಣ ಅದೂ ಈಕೆಯ ತಲೆಗೇ ಬಂದಿದೆ. ರಾತ್ರಿ ಮೂರು ಸಲ ಎದ್ದು ಹುಳುವಿನ ತಟ್ಟೆ ನೋಡಿ ಬರುತ್ತಾಳೆ. ಮನೆಯಲ್ಲಿ ಯಾರಿಗೂ ಅದು ಕಂಡಿಲ್ಲ.

3. ಆದ್ದರಿಂದ ಕೊಟ್ಟ ಕರೆಂಟನ್ನು ವಾಪಸು ಎಳೆದುಕೊಳ್ಳಿ ಎಂದು ಕೇಳಲು ಬಂದಾಗ, ಟೋಪಿ ಹಾಕುವ ಸುಹಾನಾ ಹೇಳಿದ್ದು: "ಪರೀಕ್ಷೆ ಮುಗೀತಲ್ಲ, ಈಗ ಹೇಳ್ಬೋದು. ಹೋಲಿಸಿ ನೋಡೋಕೆ ಅರ್ಧ ಜನಕ್ಕೆ ಬರೀ ಟೋಪಿ ಹಾಕಿದ್ವಿ ಅಮ್ಮಾ. ಯಜಮಾನ್ರಿಗೆ ಕರೆಂಟೇ ಕೊಟ್ಟಿಲ್ಲ."

"ಮತ್ತೇನ್ ಮಾಡುದ್ರವ್ವಾ?"

"ಪಕ್ಕದಲ್ಲಿ ಕೂತು, ಹೆದರಿಕೆ ಆಗ್ತಿದ್ಯಾ, ನಾನಿಲ್ಲೇ ಇದೀನಿ ಅಂತಿದ್ದೆ. ಅಷ್ಟೇ."

ಅರ್ಜಿದಾರಳಿಗೆ ಅಲ್ಲೇ ಅಳು ಬಂತು. ಧೈರ್ಯವಂತೆ ಎಂದು ಹೆಸರಾದ ಮೇಲೆ ಆಕೆಯನ್ನು ಯಾರೂ ಹಾಗೆ ಕೇಳಿದ್ದಿಲ್ಲ.

ಇಷ್ಟಾದರೂ ತಮ್ಮನ್ನು ನಂಬಿರುವ,
ವೆಂಕಟಲಕ್ಷ್ಮಮ್ಮ

ಅಡಕ:
1. "ಗಾಬರಿ ಇಲ್ಲ" ಚೀಟಿ.
2. ಗಂಡ (ಹೊರಗೆ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ).

ಕೋರಿಕೆ: ಗಾಬರಿ ವಾಪಸು ಬೇಡ. ಅಡಕ 2ಕ್ಕೆ ಎಚ್ಚರವಾದ ಕೂಡಲೇ, ಸುಹಾನಾ ಅವರಿಂದ ಆ ಎರಡು ಮಾತು ಕಲಿಸಿ ಮನೆಗೆ ಕಳಿಸಿಕೊಡುವುದು. ಟೋಪಿ ಅಗತ್ಯವಿಲ್ಲ.