ನಾಲ್ಕನೇ ಹಾಡಿನ ಗುಡುಗು

"ಎಂಟು ಹಾಡು, ಒಂದು ದಿನ, ಒಂದು ಗಂಟಲು! ಸ್ಟುಡಿಯೋನೂ ಬೇಡ, ಯಾರ ಹಂಗೂ ಬೇಡ. ಮನೇಲೇ ಹಾಡಿ ಮುಗಿಸ್ತೀನಿ!" ಎಂದು ಗುಡುಗು ಘೋಷಿಸಿದಾಗ ಅವನ ಹೆಂಡತಿ ಬೂಟಿನ ಲೇಸು ಕಟ್ಟುತ್ತಿದ್ದಳು.

ಗುಡುಗು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತು ವರ್ಷಗಳ ಹಿಂದೆ ಹೆವಿ ಮೆಟಲ್ ತಂಡದ ಗಾಯಕನಾಗಿ ಅವನು ಮೊದಲ ಸಲ ಅಬ್ಬರಿಸಿದಾಗ ಸಭಾಂಗಣದ ಎರಡು ಟ್ಯೂಬ್‌ಲೈಟು ಉದುರಿದವೆಂದು ಅಭಿಮಾನಿಗಳು ಕೊಟ್ಟ ಬಿರುದು. ಅವುಗಳ ಸ್ಕ್ರೂ ಮೊದಲೇ ಸಡಿಲವಾಗಿತ್ತು ಎನ್ನುವುದು ಎಲೆಕ್ಟ್ರಿಷಿಯನ್ನನ ಹೇಳಿಕೆ. ಹೊಟ್ಟೆಕಿಚ್ಚು, ಮತ್ತೇನು!

ಈಗ ಕೂದಲು ಹಿಂದಕ್ಕೆ ಸರಿದಿತ್ತು, ಹೊಟ್ಟೆ ಮುಂದಕ್ಕೆ ಬಂದಿತ್ತು. ಚರ್ಮದ ಜಾಕೆಟ್ಟು ತೊಟ್ಟರೆ ಉಸಿರು ಉಳಿಯಬೇಕು, ಇಲ್ಲ ಗುಂಡಿ ಉಳಿಯಬೇಕು. ರೆಕಾರ್ಡಿಂಗ್ ಕಂಪನಿಯ ಮ್ಯಾನೇಜರಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: "ಈ ಆಲ್ಬಮ್ಮಲ್ಲಿ ಹಳೇ ಬೆಂಕಿ ಕಾಣಿಸ್ಲಿಲ್ಲಾಂದ್ರೆ ಮುಂದಿನದಕ್ಕೆ ಹೊಸ ಗಾಯಕನ್ನ ತರ್ತೀವಿ." ಆ ಹೊಸಬನಿಗೆ ಇಪ್ಪತ್ತನಾಲ್ಕು ವರ್ಷ, ಸೊಂಟದವರೆಗೆ ಕೂದಲು, ಹೊಟ್ಟೆಯ ಸುಳಿವೇ ಇಲ್ಲ. ಗುಡುಗಿಗೆ ಭಯವಾಗಿತ್ತು. ಭಯವಾದಾಗಲೆಲ್ಲ ಜಂಬ ಕೊಚ್ಚಿಕೊಳ್ಳುವುದು ಅವನ ಜಾಯಮಾನ.

"ಹಾಡಿ, ಯಾರು ಬೇಡ ಅಂದ್ರು? ಆದ್ರೆ ನನ್ನ ಬಟ್ಟೆ ಬೀರು ಮುಟ್ಬೇಡಿ. ನಾಳೆ ಸ್ಪೋರ್ಟ್ಸ್ ಡೇ, ಬಿಳೀ ಡ್ರೆಸ್ ಇಸ್ತ್ರಿ ಮಾಡಿಟ್ಟಿದೀನಿ" ಎಂದು ಹೆಂಡತಿ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಹೊರಟಳು. ಅವಳು ಶಾಲೆಯ ವ್ಯಾಯಾಮದ ಟೀಚರ್. ಇಪ್ಪತ್ತೇಳು ವರ್ಷದಿಂದ ನಾನೂರು ಮಕ್ಕಳನ್ನು ಮೈಕಿಲ್ಲದೆ ಸಾಲಿನಲ್ಲಿ ನಿಲ್ಲಿಸುತ್ತಾ ಬಂದವಳು.

ಇಡೀ ಮನೆಯಲ್ಲಿ ದನಿ ಗೋಡೆಗೆ ಬಡಿದು ವಾಪಸು ಬರದ ಜಾಗ ಒಂದೇ: ಬಟ್ಟೆ ತುಂಬಿದ ಆ ಬೀರು! ಗುಡುಗು ಬಾಗಿಲು ತೆರೆದ. ಬಿಳಿ ಡ್ರೆಸ್ಸನ್ನು ಪರಮ ಗೌರವದಿಂದ ಎತ್ತಿ ಹಾಸಿಗೆಯ ಮೇಲಿಟ್ಟ. ಕೋಟುಗಳ ನಡುವೆ ಮೈಕು ತೂಗುಹಾಕಿ, ತಲೆ ಒಳಗೆ, ಉಳಿದ ದೇಹ ಹೊರಗೆ ಎಂಬ ಭಂಗಿಯಲ್ಲಿ ಸಮರಕ್ಕೆ ಸಿದ್ಧನಾದ.

ಮೊದಲ ಹಾಡಿಗೆ ಗಂಟಲು ಕರಕರ ಎಂದಿತು. ಎರಡನೆಯದಕ್ಕೆ ಕೆಮ್ಮು. ಮೂರನೆಯದರಲ್ಲಿ "ಪ್ರಳಯ!" ಎಂದು ಕಿರುಚಬೇಕಾದ ಕಡೆ ಸೀನು ಬಂತು. ನಾಲ್ಕನೆಯದು 'ಸುಟ್ಟ ಸಿಂಹಾಸನ', ಆಲ್ಬಮ್ಮಿನ ಜೀವಾಳ. ಅದನ್ನು ಅರ್ಧಕ್ಕೇ ಬಿಟ್ಟು, ತಲೆಗೆ ಟವೆಲು ಹೊದ್ದು ಬಿಸಿನೀರಿನ ಹಬೆ ತೆಗೆದುಕೊಂಡ. ತೊಪ್ಪೆಯಾದ ಟವೆಲನ್ನು ಹಿಂದಕ್ಕೆ ಎಸೆದು ಬಾಯಿ ಮುಕ್ಕಳಿಸಲು ಬಚ್ಚಲಿಗೆ ಹೋದ. ಮೈಕು ಆರಿಸಲಿಲ್ಲ. ಟವೆಲು ಎಲ್ಲಿ ಬಿತ್ತೆಂದೂ ನೋಡಲಿಲ್ಲ. ಮಹಾಪುರುಷರು ಹಿಂತಿರುಗಿ ನೋಡುವುದುಂಟೇ?

ಅಂದು ಶಾಲೆ ಅರ್ಧ ದಿನವೆಂಬುದು ಅವನಿಗೆ ಮರೆತಿತ್ತು. ಹೆಂಡತಿ ಕೋಣೆಗೆ ಕಾಲಿಟ್ಟಳು.

"ಏನಿದು! ಒದ್ದೆ ಟವೆಲ್! ಇಸ್ತ್ರಿ ಮಾಡಿದ್ ಬಟ್ಟೆ ಮೇಲೆ! ಒಂದು! ಬೀರು ಮುಟ್ಬೇಡಿ ಅಂದೆ! ಎರಡು! ಟವೆಲ್ ಹಗ್ಗಕ್ಕೆ ಹಾಕಿ ಅಂದೆ! ಮೂರು! ಇಪ್ಪತ್ತೈದು ವರ್ಷದಿಂದ ಅಂದೆ! ನಾಲ್ಕು! ಕಿವಿ ಇದೆಯೇನ್ರೀ? ಒದ್ದೆ ಟವೆಲ್! ಒದ್ದೆ ಟವೆಲ್!"

ಡ್ರಿಲ್ ಮಾಡಿಸಿ ಪಳಗಿದ ದನಿ. ಒಂದೊಂದು ಮಾತೂ ಎಡಗಾಲು, ಬಲಗಾಲಿನ ಲೆಕ್ಕಕ್ಕೆ ಕರಾರುವಾಕ್ಕಾಗಿ ಬೀಳುತ್ತಿತ್ತು. ಪಕ್ಕದ ಮನೆಯ ನಾಯಿ ಎದ್ದು ಅಟೆನ್ಷನ್ನಿನಲ್ಲಿ ನಿಂತಿತು. ಬಚ್ಚಲಲ್ಲಿ ಗುಡುಗು ಮುಕ್ಕಳಿಸುತ್ತಿದ್ದ ನೀರನ್ನು ನುಂಗಿಯೇಬಿಟ್ಟ.

ಕ್ಷಮೆ ಕೇಳಿ, ಡ್ರೆಸ್ಸು ಒಗೆದು, ಇಸ್ತ್ರಿ ಮಾಡಿ, ನಾಲ್ಕನೆಯದನ್ನು ಮತ್ತೆ ಮೊದಲಿಂದ ಹಾಡಿ, ಉಳಿದವನ್ನೂ ಬಾಗಿಲು ಮುಚ್ಚಿಕೊಂಡು ತಗ್ಗಿದ ದನಿಯಲ್ಲಿ ಮುಗಿಸಿದ. "ನಾನು ಹಾಡಿದ್ದನ್ನ ನಾನೇ ಕೇಳಿ ಪರೀಕ್ಷೆ ಮಾಡೋದಾ?" ಎಂದುಕೊಂಡು ಎಲ್ಲವನ್ನೂ ಹಾಗೆಯೇ ಡ್ರಮ್ಮರನಿಗೆ ಕಳಿಸಿದ. ದನಿ, ವಾದ್ಯಗಳನ್ನು ಜೋಡಿಸುವ ಕೆಲಸ ಅವನದು. ಮೂವತ್ತು ವರ್ಷ ಡ್ರಮ್ಮು ಬಡಿದು ಅವನ ಎರಡೂ ಕಿವಿಗಳು ಎಂದೋ ನಿವೃತ್ತಿ ಪಡೆದಿದ್ದವು.

ಆಲ್ಬಮ್ ಬಂತು. ಅದರ ಹಿಂದೆಯೇ ಪತ್ರಿಕೆಯಲ್ಲಿ ವಿಮರ್ಶೆಯೂ ಬಂತು. ಗುಡುಗು ಕನ್ನಡಕ ಏರಿಸಿ ಹೆಂಡತಿಗೆ ಓದಿ ಹೇಳತೊಡಗಿದ.

"'ಏರುಪೇರಿನ ಆಲ್ಬಮ್. ಏಳು ಹಾಡುಗಳಲ್ಲಿ ಗಾಯಕ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತವನಂತೆ ಕೇಳಿಸುತ್ತಾನೆ.' ಇವನಿಗೆ ಸಂಗೀತದ ಗಂಧಗಾಳಿ ಇಲ್ಲ ಕಣೇ!"

"ಮುಂದೆ ಓದಿ."

"'ಆದರೆ ನಾಲ್ಕನೇ ಹಾಡು! ಇಂಥ ಕ್ರೋಧವನ್ನು ಮೂವತ್ತು ವರ್ಷದಲ್ಲಿ ಕೇಳಿಲ್ಲ. ಮತ್ತೆ ಮತ್ತೆ ಮರಳುವ ಆ ಒದ್ದೆ ಟವೆಲು ಕುಸಿಯುತ್ತಿರುವ ನಾಗರಿಕತೆಯ ಸಂಕೇತ!' ನೋಡಿದ್ಯಾ, ವಿಮರ್ಶಕ ಅಂದ್ರೆ ಇವನು! ಎಷ್ಟು ಚೆನ್ನಾಗಿ... ಒದ್ದೆ ಟವೆಲಾ?"

"ಒದ್ದೆ ಟವೆಲಾ?" ಎಂದಳು ಹೆಂಡತಿ.

ಹಾಡು ಹಾಕಿದರು. ಗಿಟಾರು ಮೊರೆಯಿತು, ಡ್ರಮ್ಮು ಸಿಡಿಯಿತು, ಅವೆರಡನ್ನೂ ಸೀಳಿಕೊಂಡು "ಒಂದು! ಬೀರು ಮುಟ್ಬೇಡಿ ಅಂದೆ!" ಹೊರಬಿತ್ತು. ಗುಡುಗು ಇಂಗು ತಿಂದ ಮಂಗನಂತೆ ಕೂತ. ಹೆಂಡತಿ ಕೊನೆಯವರೆಗೂ ಗಮನವಿಟ್ಟು ಕೇಳಿ, "ಮೂರನೇ ಪಾಯಿಂಟ್ ಇನ್ನೂ ಸ್ವಲ್ಪ ಜೋರಾಗಿ ಹೇಳ್ಬೋದಿತ್ತು" ಎಂದಳು.

ಡ್ರಮ್ಮರನಿಗೆ ಫೋನಿನಲ್ಲಿ ನಾಲ್ಕು ಸಲ ಕಿರುಚಿದ ಮೇಲೆ ಉತ್ತರ ಬಂತು: "ಆ ಹಾಡಿಗೆ ಎರಡು ರೆಕಾರ್ಡಿಂಗ್ ಇತ್ತಪ್ಪ. ಕಂಪ್ಯೂಟರಲ್ಲಿ ನೋಡಿದ್ರೆ ಒಂದರ ಅಲೆ ಹುಲ್ಲಿನಷ್ಟು, ಇನ್ನೊಂದರದ್ದು ಬೆಟ್ಟದಷ್ಟು. ಬೆಟ್ಟ ಇಟ್ಟೆ. ಯಾಕೆ, ಶ್ರುತಿ ತಪ್ಪಿದ್ಯಾ?"

ಅಷ್ಟರಲ್ಲಿ ಮ್ಯಾನೇಜರಮ್ಮನ ಕರೆ. ಮುಂದಿನ ತಿಂಗಳು ದೊಡ್ಡ ಕಾರ್ಯಕ್ರಮ, ನಾಲ್ಕನೇ ಹಾಡು ವೇದಿಕೆಯ ಮೇಲೆ ಆಗಲೇಬೇಕು! ಗುಡುಗು ಗತ್ತಿನಿಂದ ಒಪ್ಪಿಕೊಂಡ. ಒಂದು ವಾರ ಬಚ್ಚಲಲ್ಲಿ ಅಭ್ಯಾಸ ಮಾಡಿದ. ಎಷ್ಟು ಕಿರುಚಿದರೂ ಲಾಂಡ್ರಿಯಲ್ಲಿ ಟವೆಲು ಕಳೆದುಕೊಂಡವನ ಅಹವಾಲಿನಂತೆ ಕೇಳಿಸುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಇಪ್ಪತ್ತೈದು ವರ್ಷ ಬದುಕಿದವನಿಗೆ ಮದ್ದು ಹಿತ್ತಲಲ್ಲೇ ಇದೆಯೆಂದು ಗೊತ್ತಾಗಿ ಅಳು ಬಂತು. ಕೊನೆಗೆ ಮ್ಯಾನೇಜರಮ್ಮನಿಗೆ ಫೋನು ಮಾಡಿ, ಜೀವಮಾನದಲ್ಲಿ ಮೊದಲ ಸಲ ಜಂಬವಿಲ್ಲದ ಒಂದು ವಾಕ್ಯ ಹೇಳಿದ: "ಮೇಡಂ, ಅದು ನಾನಲ್ಲ. ನನ್ನ ಹೆಂಡ್ತಿ."

ಕಾರ್ಯಕ್ರಮದ ದಿನ ಹೆಂಡತಿ ಬಿಳಿ ಡ್ರೆಸ್ಸಿನಲ್ಲಿ ವೇದಿಕೆ ಹತ್ತಿದಳು. ಇಸ್ತ್ರಿ ಮಾಡಿದ ಕೋಟನ್ನು ಕುರ್ಚಿಗೆ ಹಾಕಿದಳು. ಎದುರಿಗೆ ಎರಡು ಸಾವಿರ ಜನ, ಎಲ್ಲ ಸಾಲಾಗಿ ಕೂತಿದ್ದಾರೆ! ಟೀಚರಿಗೆ ಅದಕ್ಕಿಂತ ಸಂತೋಷ ಬೇಕೇ? ಸಿಟ್ಟೇ ಬರಲೊಲ್ಲದು.

"ಒದ್ದೆ ಟವೆಲನ್ನ... ದಯವಿಟ್ಟು... ಹಗ್ಗಕ್ಕೆ ಹಾಕಿ" ಎಂದಳು, ನಗುತ್ತಾ.

ಸಭೆ ಮುಖ ಮುಖ ನೋಡಿಕೊಂಡಿತು. ಮ್ಯಾನೇಜರಮ್ಮ ಕಣ್ಣು ಮುಚ್ಚಿಕೊಂಡಳು. ಹಿಂದೆ ನಿಂತಿದ್ದ ಗುಡುಗಿಗೆ ಮಾತ್ರ ಏನು ಮಾಡಬೇಕೆಂದು ಗೊತ್ತಿತ್ತು. ಈ ಕೆಲಸದಲ್ಲಿ ಅವನಷ್ಟು ಅನುಭವಿ ಇನ್ನಾರಿದ್ದಾರೆ! ಕೊರಳಲ್ಲಿದ್ದ ಟವೆಲನ್ನು, ಕುಡಿಯುವ ನೀರಿನ ಬಾಟಲಿಗಳನ್ನು ತಣ್ಣಗಿಟ್ಟಿದ್ದ ಬಕೆಟಿನಲ್ಲಿ ಅದ್ದಿ, ಗಂಭೀರವಾಗಿ ನಡೆದು ಬಂದು, ನೀರು ತೊಟ್ಟಿಕ್ಕುತ್ತಿದ್ದ ಅದನ್ನು ಇಸ್ತ್ರಿ ಕೋಟಿನ ಮೇಲೆ ಹರವಿದ.

ಹೆಂಡತಿ ತಿರುಗಿ ನೋಡಿದಳು.

ಸಭಾಂಗಣದ ಎರಡು ಟ್ಯೂಬ್‌ಲೈಟು ಉದುರಿದವು. ಈ ಸಲ ಸ್ಕ್ರೂ ಬಿಗಿಯಾಗಿಯೇ ಇತ್ತೆಂದು ಎಲೆಕ್ಟ್ರಿಷಿಯನ್ ಬರೆದುಕೊಟ್ಟಿದ್ದಾನೆ.

ಹೊಸ ಗಾಯಕನನ್ನು ಯಾರೂ ಕರೆಸಲಿಲ್ಲ. ತಂಡದಲ್ಲಿ ಗುಡುಗಿನ ಜಾಗ ಭದ್ರವಾಯಿತು. ಆಲ್ಬಮ್ಮಿನ ಎರಡನೇ ಮುದ್ರಣ ಕೈಗೆ ಬಂದಾಗ ಅವನು ಹೆಮ್ಮೆಯಿಂದ ಹಿಂಬದಿ ತಿರುಗಿಸಿ ಕಲಾವಿದರ ಪಟ್ಟಿ ಓದಿದ. "ಗಾಯನ: ಗುಡುಗು" ಎಂದೇ ಇತ್ತು. ಎದೆ ಉಬ್ಬಿತು, ಜಾಕೆಟ್ಟಿನ ಗುಂಡಿ ಹಾರಿತು. ಆಮೇಲೆ ಕಣ್ಣು ಪಟ್ಟಿಯ ಕೊನೆಯ ಸಾಲಿಗೆ ಇಳಿಯಿತು:

"ಒದ್ದೆ ಟವೆಲು: ಗುಡುಗಿನ ಯಜಮಾನರು."